ಚಿರೆಕಲ್ಲಿನ ನೆಲ: ಭಟ್ಕಳ, ಹೊನ್ನಾವರ, ಕುಮಟಾದ ಮಣ್ಣನ್ನು ಓದುವ ಬಗೆ

ಶಾಲೆಯ ಭೂಗೋಳ ಪುಸ್ತಕದಲ್ಲಿ ಜಂಬಿಟ್ಟಿಗೆ ಮಣ್ಣಿಗೆ ಸಿಗುವುದು ನಾಲ್ಕೈದು ಸಾಲು. ಬಿಸಿಲು, ಮಳೆ ಎರಡೂ ಜೋರಾಗಿರುವಲ್ಲಿ ಹುಟ್ಟುವ ಮಣ್ಣು, ಸಾರ ಬಸಿದುಹೋದದ್ದು, ಹುಳಿ ಗುಣದ್ದು, ಗೇರುಮರಕ್ಕೆ ಒಗ್ಗುವಂಥದ್ದು. ಇದರಲ್ಲಿ ಸುಳ್ಳೇನಿಲ್ಲ. ಆದರೆ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಮಟ್ಟಿಗೆ ಇಷ್ಟು ಸಾಲದು. ಇಲ್ಲಿ ಮನೆಯ ಗೋಡೆ ಏಳುವುದು ಇದೇ ನೆಲದಿಂದ ಕಡಿದ ಜಂಬಿಟ್ಟಿಗೆಯಿಂದ, ಅಂದರೆ ಚಿರೆಕಲ್ಲಿನಿಂದ. ಬಾವಿಯ ನೀರು ನಿಲ್ಲುವುದು ಇದರಲ್ಲೇ. ಅಡಿಕೆ ತೋಟಕ್ಕೆ ಸೊಪ್ಪು ಬರುವುದು ಇದರ ಮೇಲಿನ ಬೆಟ್ಟದಿಂದ. ಆಷಾಢದ ಮಳೆಯಲ್ಲಿ ಹೆದ್ದಾರಿಯ ಮೇಲೆ ಜರಿದು ಬೀಳುವುದೂ ಇದೇ. ಹೀಗಿದ್ದೂ ಗುಡ್ಡದ ಮೇಲಿನ ಚಿರೆಕಲ್ಲಿನ ಬಯಲುಗಳನ್ನು ‘ಬಂಜರು’, ‘ಪಾಳು’ ಎನ್ನುವ ರೂಢಿ ಕಚೇರಿಗಳಲ್ಲೂ ಇದೆ, ಊರಲ್ಲೂ ಇದೆ. ಆ ಮಾತು ಎಷ್ಟು ಸರಿ ಎಂದು ನೋಡಲು ಮಣ್ಣಿನ ಗುಣ, ಅದನ್ನು ಮಾಡಿದ ಹವೆ, ಅದು ಕೂತಿರುವ ಜಾಗ, ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಬೇಕು.

ಮೊದಲು ಜಾಗ. ಈ ಮೂರು ತಾಲ್ಲೂಕುಗಳಲ್ಲಿ ಕರಾವಳಿ ಎಂದರೆ ವಿಶಾಲವಾದ ಬಯಲಲ್ಲ. ಸಹ್ಯಾದ್ರಿಯ ಚಾಚುಗಳು ಹಲವು ಕಡೆ ಕಡಲಿನ ತನಕ ಬಂದು ನಿಂತಿವೆ. ಹೊನ್ನಾವರದ ಅಪ್ಸರಕೊಂಡದಲ್ಲಿ ಕೆಂಪು ಗುಡ್ಡದ ಬುಡಕ್ಕೇ ಸಮುದ್ರ. ಕಡಲ ದಂಡೆಯಿಂದ ಪೂರ್ವಕ್ಕೆ ನಡೆದರೆ ಮೊದಲು ಹೊಯ್ಗೆ ನೆಲ, ಅದರ ಮೇಲೆ ತೆಂಗು. ನಂತರ ಹೊಳೆಯ ಉಪ್ಪುನೀರು ಹತ್ತಿ ಇಳಿಯುವ ಗಜನಿ. ಅದರಾಚೆ ಭತ್ತದ ಬಯಲು. ಬಯಲಿನ ಅಂಚಿನಲ್ಲಿ ಏಳುವ, ತಲೆ ಸಪಾಟಾದ ಕೆಂಪು ಗುಡ್ಡಗಳೇ ಚಿರೆಕಲ್ಲಿನ ನೆಲ. ಗುಡ್ಡದ ಓರೆಯಲ್ಲಿ ಮಳೆಯನ್ನೇ ನಂಬಿದ ಮಕ್ಕಿ ಗದ್ದೆ, ಗುಡ್ಡಗಳ ನಡುವಿನ ತಂಪು ಕಣಿವೆಯಲ್ಲಿ ಅಡಿಕೆ ತೋಟ, ಅದರ ಹಿಂದೆ ಕಾಡು, ಘಟ್ಟ. ಕೆಲವೇ ಕಿಲೋಮೀಟರ್‌ಗಳಲ್ಲಿ ಇಷ್ಟೆಲ್ಲ ಬದಲಾಗುತ್ತದೆ. ನಕ್ಷೆಯಲ್ಲಿ ಇಡೀ ಪಟ್ಟಿಗೆ ಒಂದೇ ಕೆಂಪು ಬಣ್ಣ ಹಚ್ಚಿದರೆ ಇದು ಯಾವುದೂ ಕಾಣುವುದಿಲ್ಲ.

ಹವೆಯ ಲೆಕ್ಕ ಸರಳ, ಪರಿಣಾಮ ದೊಡ್ಡದು. ಈ ಕರಾವಳಿಗೆ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಅದರಲ್ಲಿ ಹತ್ತಕ್ಕೆ ಎಂಟು ಪಾಲಿಗೂ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಡಿಸೆಂಬರ್‌ನಿಂದ ಮೇ ತನಕ ಆಕಾಶ ಒಣಗಿರುತ್ತದೆ. ಚಳಿ ಎಂಬುದು ಹೆಸರಿಗಷ್ಟೇ. ನಾಲ್ಕು ತಿಂಗಳು ನೆನೆಯುವುದು, ಆರು ತಿಂಗಳು ಒಣಗುವುದು, ವರ್ಷವಿಡೀ ಶಾಖ: ಕೋಟ್ಯಂತರ ವರ್ಷಗಳ ಕಾಲ ಬಿಸಿ ಮತ್ತು ತೇವ ಹೀಗೆ ಕಲ್ಲಿನ ಮೇಲೆ ಕೆಲಸ ಮಾಡಿವೆ. ಕೆಳಗಿರುವುದು ನೈಸ್, ಗ್ರಾನೈಟ್, ಧಾರವಾಡ ಶಿಲಾವರ್ಗದ ಹಳೆಯ ಬಂಡೆಗಳು. ಮಳೆನೀರು ಅವುಗಳ ಬಿರುಕಿಗೆ ಇಳಿದು ಸುಣ್ಣ, ಮೆಗ್ನೀಸಿಯಂ, ಪೊಟ್ಯಾಷ್, ಸೋಡಿಯಂ ಅಂಶಗಳನ್ನು ಮೊದಲು ಕರಗಿಸಿ ಒಯ್ಯಿತು. ನಿಧಾನವಾಗಿ ಸಿಲಿಕಾವನ್ನೂ ತೊಳೆಯಿತು. ಸುಲಭಕ್ಕೆ ಕರಗದ ಕಬ್ಬಿಣ ಮತ್ತು ಅಲ್ಯುಮಿನಿಯಂ ಉಳಿದವು. ಒಣ ತಿಂಗಳುಗಳಲ್ಲಿ ಆ ಕಬ್ಬಿಣ ಗಾಳಿಯ ಆಮ್ಲಜನಕದೊಂದಿಗೆ ಕೂಡಿ ಗಟ್ಟಿಯಾಯಿತು. ಗುಡ್ಡದ ಕೆಂಪು ಹೆಮಟೈಟ್‌ನದು, ಹಳದಿ ಗೋಥೈಟ್‌ನದು. ಬರೀ ಮಳೆಯಾಗಿದ್ದರೆ ಇಂಥ ಗಟ್ಟಿ ಹೊದಿಕೆ ಆಗುತ್ತಿರಲಿಲ್ಲ, ಬರೀ ಬಿಸಿಲಾಗಿದ್ದರೆ ಈ ಮಟ್ಟದ ತೊಳೆತ ಆಗುತ್ತಿರಲಿಲ್ಲ.

ಮೇಲಿನಿಂದ ಕೆಳಕ್ಕೆ ಈ ನೆಲವನ್ನು ಸೀಳಿ ನೋಡಿದರೆ ಪದರಗಳು ಸ್ಪಷ್ಟ. ಎಲ್ಲಕ್ಕಿಂತ ಮೇಲೆ ತೆಳುವಾದ ಕೆಮ್ಮಣ್ಣು, ಅದರಲ್ಲಿ ಕಬ್ಬಿಣದ ಹರಳುಗಳು. ಎಷ್ಟೋ ಕಡೆ ಅದೂ ಇಲ್ಲ, ಹಾಸುಗಲ್ಲೇ ನೆಲ. ಅದರ ಕೆಳಗೆ ತೂತು ತೂತಾದ ಗಟ್ಟಿ ಹೊದಿಕೆ. ಮನೆಗೆ ಕಡಿಯುವ ಚಿರೆಕಲ್ಲು ಸಿಗುವುದು ಇಲ್ಲಿ. ಇನ್ನೂ ಇಳಿದರೆ ಕೆಂಪು, ಹಳದಿ, ಬಿಳಿ ಬೆರೆತ ಮೆದು ಪದರ. ಅದರಡಿ ಶೇಡಿ: ಬಿಳಿ, ನಸುಗೆಂಪು ಅಥವಾ ತಿಳಿಹಳದಿ ಬಣ್ಣದ, ಕಯೊಲಿನ್ ಜೇಡಿ ಬೆರೆತ ನುಣುಪು ಮಣ್ಣು. ಕೊನೆಗೆ ಕೊಳೆತ ಬಂಡೆ, ಆಮೇಲೆ ಹಸಿ ಬಂಡೆ. ದೀಪಾವಳಿಗೆ ತುಳಸಿಕಟ್ಟೆಗೆ, ಗೋಡೆಗೆ ಬಳಿಯುವ ಕೆಮ್ಮಣ್ಣು ಮತ್ತು ಅದರ ಮೇಲೆ ಚಿತ್ತಾರ ಬರೆಯುವ ಶೇಡಿ, ಎರಡೂ ಒಂದೇ ಗುಡ್ಡದ ಎರಡು ಆಳಗಳಿಂದ ಬಂದವು. ಈ ಶೇಡಿಯನ್ನು ನೆನಪಿಟ್ಟುಕೊಳ್ಳಬೇಕು. ಈ ನೆಲದ ನೀರಿನ ಕಥೆಯೂ ಕುಸಿತದ ಕಥೆಯೂ ನಡೆಯುವುದು ಅಲ್ಲೇ.

ಪಾಶ್ಚಾತ್ಯ ವಿಜ್ಞಾನಕ್ಕೆ ಈ ಕಲ್ಲಿನ ಪರಿಚಯವಾದದ್ದೂ ಇದೇ ಕರಾವಳಿ ಸಾಲಿನಲ್ಲಿ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಮೈಸೂರು, ಕೆನರಾ, ಮಲಬಾರ್ ಸೀಮೆಗಳ ಸಮೀಕ್ಷೆಗೆ ಕಳಿಸಿತು. ಮಲಬಾರಿನ ಅಂಗಾಡಿಪುರದಲ್ಲಿ ಅವನು ಈ ಕಲ್ಲನ್ನು ವಿವರವಾಗಿ ಬರೆದ: ನೆಲದಲ್ಲಿರುವಾಗ ಕಬ್ಬಿಣದ ಹತಾರಿಗೆ ಸುಲಭವಾಗಿ ಕಡಿಯಲು ಬರುತ್ತದೆ, ಗಾಳಿಗೆ ಒಡ್ಡಿದರೆ ಗಟ್ಟಿಯಾಗುತ್ತದೆ ಎಂದು. ಲ್ಯಾಟರೈಟ್ ಎಂಬ ಹೆಸರು ಅಚ್ಚಾದದ್ದು 1807ರ ಅವನ ಪುಸ್ತಕದಲ್ಲಿ. 1801ರಲ್ಲಿ ಅವನು ಭಟ್ಕಳ, ಹೊನ್ನಾವರ, ಮಿರ್ಜಾನ್ ದಾಟಿಕೊಂಡೇ ಉತ್ತರಕ್ಕೆ ಹೋದ. ಅಂಗಾಡಿಪುರದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ 1979ರಲ್ಲಿ ಸ್ಮಾರಕವನ್ನೂ ನಿಲ್ಲಿಸಿತು. ಆದರೆ ಬುಕಾನನ್ ವಿವರಿಸಿದ ಗುಣ ಇಲ್ಲಿನ ಕಲ್ಲುಕುಟಿಗರಿಗೆ ಹೊಸತಾಗಿರಲಿಲ್ಲ. ಅಘನಾಶಿನಿಯ ಬಳಿಯ ಮಿರ್ಜಾನ್ ಕೋಟೆಯ ದಪ್ಪ ಗೋಡೆ, ಬುರುಜು, ಕಂದಕದ ಅಂಚು ಎಲ್ಲವೂ ಚಿರೆಕಲ್ಲು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದಿರುವ ಆ ಕೋಟೆ ಇಷ್ಟು ಶತಮಾನಗಳ ಮಳೆಗೆ ಕರಗದೆ ನಿಂತಿದೆ. ಹೊನ್ನಾವರದ ಎದುರಿನ ಬಸವರಾಜದುರ್ಗ ದ್ವೀಪದಲ್ಲಿ ಕೆಳದಿ ಅರಸರು ಕೋಟೆ ಕಟ್ಟಿದ್ದೂ ಇದೇ ಕಲ್ಲಿನಿಂದ.

ಈ ಕಲ್ಲಿಗೆ ಮಿತಿಯೂ ಇದೆ. ಒಳಗೆ ತೂತುಗಳಿರುವುದರಿಂದ ಸೂಕ್ಷ್ಮ ಕೆತ್ತನೆ ಇದರಲ್ಲಿ ನಿಲ್ಲುವುದಿಲ್ಲ. ಗೋಡೆಗೆ ಬಳಸುವ ಚಿರೆಕಲ್ಲಿಗೆ ಭಾರತೀಯ ಮಾನಕ 3620 ಕೇಳುವ ಕನಿಷ್ಠ ಬಲ ಚದರ ಮಿಲಿಮೀಟರಿಗೆ 3.5 ನ್ಯೂಟನ್. ಒಂದೆರಡು ಮಹಡಿಯ ಮನೆಗೆ ಅದು ಧಾರಾಳ. ಮೊದಲು ಕೈಯಿಂದ ಕಡಿಯುತ್ತಿದ್ದಾಗ ಊರಿಗೆ ಬೇಕಾದಷ್ಟೇ ಕಲ್ಲು ಗುಡ್ಡದಿಂದ ಇಳಿಯುತ್ತಿತ್ತು. ಯಂತ್ರದ ಗರಗಸ ಬಂದ ಮೇಲೆ ಗಟ್ಟಿ ಹೊದಿಕೆಯೇ ಇಡಿಯಾಗಿ ಎದ್ದುಹೋಗುತ್ತಿದೆ. ಕ್ವಾರಿಯ ಚೌಕ ಹೊಂಡಗಳನ್ನು ಹಾಗೇ ಬಿಟ್ಟುಹೋಗುವುದು ಮಳೆಗಾಲದಲ್ಲಿ ಮಕ್ಕಳಿಗೆ, ದನಗಳಿಗೆ ಅಪಾಯ. ಅದಕ್ಕಿಂತ ಕಡಿಮೆ ಗಮನಕ್ಕೆ ಬರುವ ಇನ್ನೊಂದು ನಷ್ಟವಿದೆ. ಹೊದಿಕೆ ಹೋದಲ್ಲಿ ಒಳಗಿನ ಮೆದು ಪದರ ನೇರವಾಗಿ ಮಳೆಗೆ ತೆರೆದುಕೊಂಡು ಕೊಚ್ಚಿಕೊಂಡು ಹಳ್ಳ ಸೇರುತ್ತದೆ. ಹೊದಿಕೆ ಆಗಲು ಹಿಡಿದ ಕಾಲವನ್ನು ನೆನೆದರೆ ಅದನ್ನು ಮರಳಿ ಪಡೆಯುವ ಮಾತೇ ಇಲ್ಲ.

ಬೇಸಾಯದ ಕಣ್ಣಿನಿಂದ ನೋಡಿದರೆ ಈ ಮಣ್ಣು ನಿಜಕ್ಕೂ ಬಡವು. ಮಣ್ಣಿನ ಪಿಎಚ್ ಸಾಮಾನ್ಯವಾಗಿ 4.5ರಿಂದ 6ರ ನಡುವೆ. ಕಯೊಲಿನ್ ಜೇಡಿಗೆ ಪೋಷಕಾಂಶ ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ. ಹಾಕಿದ ಪೊಟ್ಯಾಷ್ ಎರಡು ಮಳೆಗೆ ಇಳಿದುಹೋಗುತ್ತದೆ. ರಂಜಕದ್ದು ಇನ್ನೊಂದು ಬಗೆಯ ತೊಂದರೆ: ಅದು ತೊಳೆದುಹೋಗುವುದಿಲ್ಲ, ಕಬ್ಬಿಣ ಮತ್ತು ಅಲ್ಯುಮಿನಿಯಂ ಅದನ್ನು ಬಿಗಿಯಾಗಿ ಹಿಡಿದುಕೊಂಡು ಬೇರಿಗೆ ಬಿಟ್ಟುಕೊಡುವುದಿಲ್ಲ. ಬಯಲುಸೀಮೆಯ ಎರೆ ಮಣ್ಣಿಗೆ ಬರೆದ ಗೊಬ್ಬರದ ಚೀಟಿಯನ್ನು ಇಲ್ಲಿ ಹಾಗೇ ನಡೆಸಿದರೆ ಹಣ ನೀರಿನಲ್ಲಿ ಹೋಗುತ್ತದೆ. ಇಲ್ಲಿ ಮಣ್ಣಿನ ಫಲವತ್ತತೆ ಎಂದರೆ ಬಹುಪಾಲು ಅದರಲ್ಲಿರುವ ಸಾವಯವ ಅಂಶವೇ.

ಇದೇ ಬಡ ಮಣ್ಣಿನ ಮೇಲೆ ದಟ್ಟ ಕಾಡು ಹೇಗೆ ನಿಂತಿದೆ? ಗೇರುಸೊಪ್ಪೆಯಿಂದ ಘಟ್ಟ ಹತ್ತಿದರೆ ಸಿಗುವ ಕತ್ತಲೆಕಾನಿನಲ್ಲಿ ಹಗಲಲ್ಲೂ ಬಿಸಿಲು ನೆಲ ಮುಟ್ಟುವುದಿಲ್ಲ. ಅಲ್ಲಿ ಸಾರ ಇರುವುದು ಮರದಲ್ಲಿ, ಬಿದ್ದ ಎಲೆಯಲ್ಲಿ, ಎಲೆ ಕೊಳೆಸುವ ಶಿಲೀಂಧ್ರದಲ್ಲಿ. ಕೆಳಗಿನ ಖನಿಜ ಮಣ್ಣು ಆಸರೆಯಷ್ಟೇ. ಕಾಡು ಕಡಿದು ಎಲೆಹಾಸು ಹೋದರೆ ಕೆಲವೇ ಮಳೆಗಾಲಗಳಲ್ಲಿ ಹರಳುಗಲ್ಲು ಮೇಲೆ ಬರುತ್ತದೆ. ಈ ಗುಟ್ಟನ್ನು ಇಲ್ಲಿನ ತೋಟಿಗರು ಅರಿತಿದ್ದರು. ಅದರ ಫಲವೇ ಸೊಪ್ಪಿನ ಬೆಟ್ಟ. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆ ತನಕ ಬೆಟ್ಟವನ್ನು ಸೊಪ್ಪು, ದರಕು (ಉದುರಿದ ಒಣ ಎಲೆ) ತರಲು ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಕಾಲದಲ್ಲೇ ಕಾನೂನಿನ ರೂಪ ಪಡೆಯಿತು. ಸೊಪ್ಪು ಕೊಟ್ಟಿಗೆಗೆ ಹೋಗಿ, ಗೊಬ್ಬರವಾಗಿ ತೋಟಕ್ಕೆ ಇಳಿಯುತ್ತದೆ. ಇದಕ್ಕೆ ಇನ್ನೊಂದು ಮುಖವೂ ಇದೆ, ಅದನ್ನು ಹೇಳದೆ ಬಿಡುವುದು ನ್ಯಾಯವಲ್ಲ. ವರ್ಷಾವರ್ಷ ಸವರಿದ ಬೆಟ್ಟ ತಾನೇ ಬಡವಾಗುತ್ತದೆ. ಎಷ್ಟೋ ಬೆಟ್ಟಗಳು ಬರೀ ಹುಲ್ಲಿನ ಬೋಳು ಬೇಣಗಳಾಗಿರುವುದು ಹೀಗೆ. ತೋಟದ ಹಸಿರನ್ನು ಹೊಗಳುವಾಗ ಅದಕ್ಕೆ ಸಾರ ಕೊಟ್ಟ ಗುಡ್ಡದ ಲೆಕ್ಕವನ್ನೂ ಇಡಬೇಕು.

ಹುಳಿ ಗುಣಕ್ಕೆ ಮದ್ದು ಸುಣ್ಣ. ಗುಡ್ಡದ ಮಣ್ಣಿಂದ ತೊಳೆದುಹೋದ ಸುಣ್ಣ ಇಲ್ಲಿ ಬೇರೊಂದು ದಾರಿಯಿಂದ ಸಿಗುತ್ತದೆ. ಅಳಿವೆಯ ಕೆಸರಿನಲ್ಲಿ ಬೆಳೆಯುವ ಬಳಚು ಅದನ್ನು ಚಿಪ್ಪಾಗಿ ಕಟ್ಟುತ್ತದೆ. ಚಿಪ್ಪು ಸುಟ್ಟು ಮಾಡಿದ ಸುಣ್ಣ ಗೋಡೆಗೆ, ಎಲೆಅಡಿಕೆಗೆ, ತೋಟಕ್ಕೆ ಬಳಕೆಯಾಗುತ್ತ ಬಂದಿದೆ. ಗೊಬ್ಬರ, ನೀರು ಕೈಯಿಂದ ಉಣಿಸಿದರೆ ಈ ಮಣ್ಣು ಎಷ್ಟು ಚೆನ್ನಾಗಿ ಒಲಿಯುತ್ತದೆ ಎಂಬುದಕ್ಕೆ ಭಟ್ಕಳದ ಮಲ್ಲಿಗೆ ಸಾಕ್ಷಿ. ಬೇರಿಗೆ ನೀರು ನಿಲ್ಲಬಾರದು ಎನ್ನುವ ಗಿಡ ಅದು. ಬಸಿದು ಹೋಗುವ ಈ ನೆಲದ ಗುಣ ಅದಕ್ಕೆ ವರವೇ. ಕುಮಟಾದ ಅಳ್ವೆಕೋಡಿ, ಹಂದಿಗೋಣ ಕಡೆಯ ಸಿಹಿ ಈರುಳ್ಳಿಯದು ಬೇರೆ ನೆಲ. ಭತ್ತ ಕೊಯ್ದ ಮೇಲೆ ಹೊಯ್ಗೆ ಬೆರೆತ ಗದ್ದೆಯಲ್ಲಿ ಬೆಳೆದು, ಜಡೆ ಹೆಣೆದು ಹೆದ್ದಾರಿ ಬದಿಗೆ ತೂಗುಬಿಡುವ ಆ ಈರುಳ್ಳಿಯನ್ನು ಗುಡ್ಡದ ಕೆಂಪು ಮಣ್ಣಿನಲ್ಲಿ ಯಾರೂ ನೆಡುವುದಿಲ್ಲ.

ಗಜನಿಯ ಮಾತು ಇಲ್ಲಿ ಬರಲೇಬೇಕು, ಏಕೆಂದರೆ ಗುಡ್ಡದಿಂದ ತೊಳೆದುಬಂದ ಮಣ್ಣು ಕೊನೆಗೆ ತಂಗುವುದು ಅಲ್ಲಿ. ಅಘನಾಶಿನಿ ಅಳಿವೆಯ ಇಕ್ಕೆಲದ ಈ ತಗ್ಗು ಗದ್ದೆಗಳ ಮಣ್ಣು ಕಪ್ಪು, ಜಿಗುಟು, ಉಪ್ಪು. ಬೇಸಿಗೆಯಲ್ಲಿ ಒಣಗಿದಾಗ ಹುಳಿಯೂ ಏರುತ್ತದೆ. ಇಂಥ ನೆಲಕ್ಕೆ ಕುಮಟಾ ತಾಲ್ಲೂಕಿನ ಮಾಣಿಕಟ್ಟಾದಂಥ ಊರುಗಳ ರೈತರು ಉಳಿಸಿಕೊಂಡು ಬಂದ ಉತ್ತರ ಕಗ್ಗ ಭತ್ತ. ಉಪ್ಪನ್ನೂ ತಾಳಿಕೊಳ್ಳುತ್ತದೆ, ನೆರೆಯನ್ನೂ ತಾಳಿಕೊಳ್ಳುತ್ತದೆ; ಆಳೆತ್ತರ ಬೆಳೆಯುವುದರಿಂದ ನೀರು ಏರಿದರೂ ಕದಿರು ಮೇಲೇ ಇರುತ್ತದೆ. ಮಳೆಯ ಸಿಹಿನೀರು ಉಪ್ಪನ್ನು ತೊಳೆದ ಮೇಲೆ ಬಿತ್ತನೆ, ಕೊಯ್ಲಿನ ನಂತರ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಸಾಣಿಕಟ್ಟಾದ ಉಪ್ಪಿನ ಆಗರವೂ ಇದೇ ಅಳಿವೆಯ ಮಗ್ಗುಲಿನದು. ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ 2024ರ ಜನವರಿಯಲ್ಲಿ ಬಂತು. ಆ ಮನ್ನಣೆ ಅಳಿವೆಗೆ ದಕ್ಕಿತು ನಿಜ, ಆದರೆ ಅಳಿವೆಯ ಕೆಸರಿನ ಗುಣ ತೀರ್ಮಾನವಾಗುವುದು ಮೇಲಿನ ಗುಡ್ಡಗಳಲ್ಲಿ. ಗುಡ್ಡ ಅಗೆದರೆ ಬಳಚಿನ ಹಾಸಿನ ಮೇಲೆ ಕೆಂಪು ಹೂಳು ಕೂರುತ್ತದೆ. ಅಳಿವೆಯ ರಕ್ಷಣೆಯ ಯೋಜನೆ ಅಳಿವೆಯ ದಡದಲ್ಲೇ ನಿಂತುಬಿಟ್ಟರೆ ಅದು ಅರ್ಧ ಕೆಲಸ.

ನೀರು. ಚಿರೆಕಲ್ಲಿನ ತೂತುಗಳು ಒಂದಕ್ಕೊಂದು ಸೇರಿಕೊಂಡಿರುವುದರಿಂದ ಗುಡ್ಡದ ಮೇಲೆ ಬಿದ್ದ ಮಳೆ ಬೇಗ ಒಳಕ್ಕಿಳಿಯುತ್ತದೆ. ಶೇಡಿಯ ಪದರ ಸಿಕ್ಕಿದಲ್ಲಿ ಇಳಿತ ನಿಧಾನವಾಗಿ, ನೀರು ಅಡ್ಡಕ್ಕೆ ಹರಿಯುತ್ತದೆ. ಗುಡ್ಡದ ಬುಡದಲ್ಲಿ ಒರತೆ ಒಡೆಯುವುದು ಹೀಗೆ. ಕಣಿವೆಯ ತೋಟಗಳು ತೊಟ್ಟಿಕ್ಕುವ ಈ ನೀರನ್ನು ನಂಬಿಯೇ ಹುಟ್ಟಿಕೊಂಡವು. ಇದರ ದುರ್ಬಲತೆಯೂ ಅಲ್ಲೇ ಇದೆ: ಬೇಗ ತುಂಬುವ ನೆಲ ಬೇಗ ಖಾಲಿಯೂ ಆಗುತ್ತದೆ. ಜುಲೈಯಲ್ಲಿ ಕೈಗೆಟಕುವ ಬಾವಿ ನೀರು ಏಪ್ರಿಲ್ ಹೊತ್ತಿಗೆ ತಳ ಕಾಣುತ್ತದೆ. ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಸೀಮೆಗಳಲ್ಲಿ ಒಂದಕ್ಕೆ ಮೇ ತಿಂಗಳಲ್ಲಿ ಟ್ಯಾಂಕರ್ ಹೋಗುವುದಕ್ಕೆ ಕಾರಣ ಮಳೆಯ ಕೊರತೆಯಲ್ಲ, ನೆಲ ನೀರನ್ನು ಹಿಡಿದಿಡುವ ರೀತಿ. ಗುಡ್ಡದ ನೆತ್ತಿಯ ಹೊದಿಕೆ, ಮರ, ಹುಲ್ಲು ಉಳಿದರೆ ಖಾಲಿಯಾಗುವ ದಿನ ಕೆಲವು ವಾರ ಮುಂದಕ್ಕೆ ಹೋಗುತ್ತದೆ. ಆ ಕೆಲವು ವಾರಗಳೇ ಇಲ್ಲಿ ಮುಖ್ಯ.

ಇನ್ನು ‘ಬಂಜರು’ ಎನ್ನಿಸಿಕೊಂಡ ನೆತ್ತಿಯ ಬಯಲು. ಏಪ್ರಿಲ್‌ನಲ್ಲಿ ನೋಡಿದವರಿಗೆ ಅದು ಸುಟ್ಟ ಕಲ್ಲು. ಆರ್ದ್ರಾ ಮಳೆ ಹಿಡಿದ ಮೇಲೆ ಅದೇ ಹಾಸುಗಲ್ಲಿನ ಕುಳಿಗಳಲ್ಲಿ ನೀರು ನಿಂತು, ಕೆಲವೇ ತಿಂಗಳ ಆಯುಸ್ಸಿನ ನೂರಾರು ಬಗೆಯ ಪುಟ್ಟ ಗಿಡಗಳು ಏಳುತ್ತವೆ. ಎರಿಯೊಕಾಲಾನ್ ಕುಲದ ಬಿಳಿ ಗುಂಡುಹೂಗಳು, ಯುಟ್ರಿಕ್ಯುಲೇರಿಯಾದ ನೇರಳೆ ಹಾಸು, ಅಂಟು ಹನಿಗಳಿಂದ ಹುಳ ಹಿಡಿಯುವ ಡ್ರಾಸೆರಾ. ಇವುಗಳಲ್ಲಿ ಕೀಟ ತಿನ್ನುವ ಗಿಡಗಳು ಇಷ್ಟೊಂದು ಇರುವುದು ಮಣ್ಣಿನ ಬಡತನದಿಂದಲೇ. ಬೇರಿಗೆ ಸಿಗದ ಸಾರಜನಕವನ್ನು ಅವು ಹುಳಗಳಿಂದ ಪಡೆಯುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಡಿ. ಸುಭಾಷ್ ಚಂದ್ರನ್, ಟಿ. ವಿ. ರಾಮಚಂದ್ರ ಮತ್ತು ಅವರ ಜೊತೆಗಾರರು ಭಟ್ಕಳ ಸುತ್ತಿನ ಈ ಬಯಲುಗಳ ಸಸ್ಯಗಳನ್ನು ದಾಖಲಿಸಿ, ಮಳೆಗಾಲದ ಈ ಹೂಗಳು ಜೇನಿಗೆ ಎಷ್ಟು ಮುಖ್ಯ ಎಂದು ತೋರಿಸಿದರು. ಸಾಲದ್ದಕ್ಕೆ ಇಲ್ಲಿನ ಹುಲ್ಲೇ ದನಕ್ಕೆ ಕರಡ. ಇಂಥ ಬಯಲನ್ನು ‘ಹಸಿರು ಮಾಡುವ’ ಹೆಸರಿನಲ್ಲಿ ಅಕೇಶಿಯಾ ನೆಟ್ಟದ್ದು ನನ್ನ ದೃಷ್ಟಿಯಲ್ಲಿ ದೊಡ್ಡ ತಪ್ಪು. ಅಕೇಶಿಯಾ ಬೇಗ ಬೆಳೆಯಿತು, ಸೌದೆ ಕೊಟ್ಟಿತು, ಕಾಡಿನ ಮೇಲಿನ ಒತ್ತಡವನ್ನೂ ಒಂದಿಷ್ಟು ಇಳಿಸಿತು. ಆದರೆ ಅದರ ನೆರಳಿನಲ್ಲಿ, ಸುಲಭಕ್ಕೆ ಕೊಳೆಯದ ಅದರ ದರಕಿನ ಅಡಿಯಲ್ಲಿ ಆ ಪುಟ್ಟ ಗಿಡಗಳಿಗೆ ಜಾಗ ಇಲ್ಲ. ಬೋಳಾದ ಕಾಡನ್ನು ತುಂಬುವುದು ಬೇರೆ, ಎಂದೂ ಕಾಡಾಗಿರದ ಹಾಸುಗಲ್ಲಿನ ಬಯಲನ್ನು ಮುಚ್ಚುವುದು ಬೇರೆ.

ಕಡೆಗೆ ಕುಸಿತ. ಚಿರೆಕಲ್ಲಿನ ಗುಡ್ಡ ಒಣಗಿದ್ದಾಗ ನೆಟ್ಟಗೆ ಕಡಿದರೂ ಗೋಡೆಯಂತೆ ನಿಲ್ಲುತ್ತದೆ, ಮೋಸ ಇರುವುದು ಆ ನಿಲುವಿನಲ್ಲೇ. ಮೇಲಿನ ಹೊದಿಕೆ ಗಟ್ಟಿಯಾದರೂ ಅದು ಕೂತಿರುವುದು ಶೇಡಿಯ ಮೇಲೆ. ಒಣ ಶೇಡಿಗೆ ಬಲವಿದೆ. ನೀರು ಕುಡಿದ ಶೇಡಿ ಹಿಟ್ಟಿನ ಗಂಜಿಯಂತೆ ಸಡಿಲಾಗುತ್ತದೆ. ದಿನಗಟ್ಟಲೆ ಮಳೆ ಸುರಿದು ಗುಡ್ಡದೊಳಗೆ ನೀರು ಏರಿದಾಗ, ಬುಡ ಕಡಿದಿರುವ ಕಡೆ ಇಡೀ ಓರೆ ಜಾರಿ ಇಳಿಯುತ್ತದೆ. ಕೊಂಕಣ ರೈಲ್ವೆ ಕಟ್ಟುವಾಗ ಇಂಜಿನಿಯರುಗಳನ್ನು ಹೆಚ್ಚು ಕಾಡಿದ್ದು ಗಟ್ಟಿ ಬಂಡೆಯ ಸುರಂಗಗಳಲ್ಲ, ಮೆದು ಮಣ್ಣಿನ ಸುರಂಗಗಳು. ಆ ಪಾಠ ರಸ್ತೆ ಅಗಲ ಮಾಡುವ ಹೊತ್ತಿಗೆ ಮರೆತುಹೋಯಿತು. ರಾಷ್ಟ್ರೀಯ ಹೆದ್ದಾರಿ 66ರ ಉದ್ದಕ್ಕೂ ಗುಡ್ಡದ ಬುಡವನ್ನು ನೇರವಾಗಿ ಕಡಿಯಲಾಗಿದೆ. 2017ರಲ್ಲಿ ಕುಮಟಾ ತಾಲ್ಲೂಕಿನ ತಂಡ್ರಕುಳಿಯಲ್ಲಿ ಗುಡ್ಡ ಕುಸಿದು ಮಕ್ಕಳು ಜೀವ ಕಳೆದುಕೊಂಡರು. 2022ರ ಆಗಸ್ಟ್ ಆರಂಭದಲ್ಲಿ ಭಟ್ಕಳ ಭಾಗಕ್ಕೆ ಒಂದೇ ದಿನ 500 ಮಿಲಿಮೀಟರ್ ಮೀರಿ ಮಳೆ ಸುರಿದಾಗ ಮುಟ್ಟಳ್ಳಿಯಲ್ಲಿ ಮನೆಯ ಮೇಲೆ ಗುಡ್ಡ ಜರಿದು ಒಂದೇ ಕುಟುಂಬದ ನಾಲ್ವರು ಸತ್ತರು. 2024ರ ಜುಲೈ 16ರಂದು ಪಕ್ಕದ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯನ್ನು ದಾಟಿ ಗಂಗಾವಳಿಗೆ ಇಳಿದ ದುರಂತವನ್ನು ನಾಡೆಲ್ಲ ಕಂಡಿತು.

ಪ್ರತಿ ಬಾರಿಯೂ ಕೇಳಿಬರುವ ಮಾತು ‘ಅತಿಮಳೆ’. ಮಳೆ ಕಾರಣ ನಿಜ. ಆದರೆ ಈ ಗುಡ್ಡಗಳು ರೂಪುಗೊಂಡದ್ದೇ ಅತಿಮಳೆಯಲ್ಲಿ. ತಮ್ಮ ಸಹಜ ಓರೆಯಲ್ಲಿ ಇರುವ ತನಕ ಅವು ಬಹುತೇಕ ತಡೆದುಕೊಂಡಿವೆ. ಓರೆಯನ್ನು ನೆಟ್ಟಗೆ ಮಾಡಿ, ಮೇಲಿನ ನೀರಿಗೆ ದಾರಿ ಬಿಡದೆ, ಬುಡಕ್ಕೆ ಕಾಂಕ್ರೀಟ್ ಹಚ್ಚಿ ಒಳಗಿನ ನೀರು ಹೊರಬರುವ ತೂತನ್ನೂ ಮುಚ್ಚಿದರೆ ಕೆಡವುವ ಕೆಲಸ ಅರ್ಧ ಆದಂತೆಯೇ. ಹೆದ್ದಾರಿ ಮಾತ್ರವಲ್ಲ, ಊರೊಳಗೂ ಇದೇ ನಡೆಯುತ್ತಿದೆ. ಬಯಲಿನಲ್ಲಿ ನಿವೇಶನ ತುಟ್ಟಿಯಾಗಿ ಜನ ಗುಡ್ಡದ ಓರೆ ಅಗೆದು ಮನೆ ಕಟ್ಟುತ್ತಿದ್ದಾರೆ. ಮನೆಯ ಹಿಂದಿನ ಧರೆ ಒಂದು ಮಾಳಿಗೆ ಎತ್ತರ ನೆಟ್ಟಗೆ ನಿಂತಿರುತ್ತದೆ, ಅದಕ್ಕೂ ಗೋಡೆಗೂ ಒಂದು ಮಾರು ಅಂತರ. ಯಂತ್ರ ತಂದವನಿಗೆ ಅದು ಅರ್ಧ ದಿನದ ಕೆಲಸ.

ಇವೆಲ್ಲವನ್ನೂ ಒಟ್ಟಿಗೆ ತೋರಿಸುವ ದಾಖಲೆ ಇನ್ನೂ ಊರಿನ ಕೈಗೆ ಬಂದಿಲ್ಲ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿ ಪಿಎಚ್, ಸಾವಯವ ಇಂಗಾಲ, ರಂಜಕ, ಪೊಟ್ಯಾಷ್ ಸೇರಿ ಹನ್ನೆರಡು ಅಂಶಗಳನ್ನು ಅಳೆಯುತ್ತದೆ. ಆದರೆ ಅಳೆಯುವುದು ಮೇಲಿನ ಅರ್ಧ ಅಡಿ ಮಣ್ಣನ್ನು. ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ಭೂಕುಸಿತ ಸಾಧ್ಯತೆಯ ನಕ್ಷೆ 1:50,000 ಪ್ರಮಾಣದ್ದು. ಅದರಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಅರ್ಧ ಕಿಲೋಮೀಟರ್. ಯಾವ ಗುಡ್ಡ ಅಪಾಯದ್ದು ಎಂದು ಅದು ಹೇಳಬಲ್ಲದು, ಯಾರ ಮನೆಯ ಹಿಂದಿನ ಧರೆ ಎಂದು ಹೇಳಲಾರದು. ಆ ನಡುವಿನ ಜಾಗವನ್ನು ತುಂಬಲು ಬೇಕಾದ ಅರಿವು ಊರಲ್ಲೇ ಇದೆ. ಬಾವಿ ತೋಡುವವರಿಗೆ ಕಲ್ಲು ಎಷ್ಟು ಅಡಿಗೆ ಮುಗಿಯಿತು, ಶೇಡಿ ಎಲ್ಲಿ ಬಂತು, ನೀರು ಯಾವ ಮಗ್ಗುಲಿಂದ ಒಡೆಯಿತು ಎಂಬುದು ಗೊತ್ತಿರುತ್ತದೆ. ಪ್ರತಿ ಹೊಸ ಬಾವಿ, ಪ್ರತಿ ಅಡಿಪಾಯ ತೋಡುವಾಗ ಈ ಮೂರು ಸಂಗತಿಗಳನ್ನು ಗ್ರಾಮ ಪಂಚಾಯಿತಿಯ ಒಂದು ಪುಸ್ತಕದಲ್ಲಿ ಸರ್ವೆ ನಂಬರಿನೊಂದಿಗೆ ಬರೆದಿಟ್ಟರೆ, ಮನೆಗೆ ಪರವಾನಗಿ ಕೊಡುವಾಗ ಧರೆಯನ್ನು ಎಷ್ಟು ಓರೆ ಬಿಡಬೇಕು, ಮೇಲಿನ ನೀರನ್ನು ಎತ್ತ ತಿರುಗಿಸಬೇಕು ಎಂದು ಹೇಳಲು ಒಂದು ಆಧಾರ ಸಿಗುತ್ತದೆ. ಕ್ವಾರಿಗೆ ಅನುಮತಿ ಕೊಡುವಾಗ ಕೆಳಗಿನ ಯಾವ ತೋಟದ ಒರತೆ ಆ ಗುಡ್ಡವನ್ನು ನಂಬಿದೆ ಎಂದು ಕೇಳಲೂ ಅದೇ ಪುಸ್ತಕ ಸಾಕು.